ಹೀಟರ್ ದೀಪ ಆರುವ ತನಕ

ನಮ್ಮ ಮನೆಯ ಮುಂದೆ ಎರಡು ಮರ್ಸಿಡಿಸ್ ಇ-ಕ್ಲಾಸ್ ಕಾರುಗಳಿವೆ ಎಂದರೆ ಕೇಳಿದವರು ಒಮ್ಮೆ ನನ್ನ ಚಪ್ಪಲಿಯ ಕಡೆ ನೋಡುತ್ತಾರೆ. ಲೆಕ್ಕ ತಾಳೆಯಾಗುವುದಿಲ್ಲ. ಆಗ ಬಿಡಿಸಿ ಹೇಳಬೇಕಾಗುತ್ತದೆ: ಒಂದು 1996ರದ್ದು, ಇನ್ನೊಂದು 2001ರದ್ದು, ಎರಡನ್ನೂ ಕೊಂಡದ್ದು ಅವುಗಳಿಗೆ ಹದಿನೈದು ತುಂಬುವ ಹೊತ್ತಿಗೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಾ ಹೋಗಬೇಕು. ದೊಡ್ಡ ಕಾರು ಇಟ್ಟುಕೊಂಡವರಿಗೆ ಆರ್‌ಟಿಒ ಕಚೇರಿಯ ಸಾಲು ಎಂದರೆ ಆಗದು. ಅವಧಿ ಮುಗಿಯಲು ಎರಡು ಮೂರು ತಿಂಗಳಿರುವಾಗ ಗುಜರಿಗಿಂತ ಸ್ವಲ್ಪ ಮೇಲಿನ ಬೆಲೆಗೆ ಕೈಬಿಡುತ್ತಾರೆ. ಆ ಸಂದಿಯಲ್ಲಿ ಕೈಯೊಡ್ಡಿ ನಿಂತವನು ನಾನು. 2011ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ.

ಹಳೆಯದು ಡಬ್ಲ್ಯು 124 (ಆ ಪೀಳಿಗೆಗೆ ಕಂಪನಿ ಇಟ್ಟ ಸಂಕೇತ), ಇ 250 ಡೀಸೆಲ್. ಅದರ ತಯಾರಿಕೆ ನಿಲ್ಲಿಸಿ ಕಂಪನಿ ತಂದದ್ದು ಡಬ್ಲ್ಯು 210. ನನ್ನ ಬಳಿ ಇರುವುದು ಅದರ ಇ 220 ಸಿಡಿಐ, ಅದೂ ಡೀಸೆಲ್ಲೇ. ಹಳೆಯದು ಜರ್ಮನಿಯಲ್ಲಿ ಹೊರಬಂದದ್ದು 1984ರಲ್ಲಿ. ಇ-ಕ್ಲಾಸ್ ಎಂಬ ಹೆಸರು ಅದಕ್ಕೆ ಬಂದದ್ದು 1993ರಲ್ಲಷ್ಟೇ. 1995ರಲ್ಲಿ ಪುಣೆಯ ಪಿಂಪ್ರಿಯಲ್ಲಿ, ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಕಾರ್ಖಾನೆಯ ಆವರಣದಲ್ಲಿ, ಭಾರತದ ಮೊದಲ ಮರ್ಸಿಡಿಸ್ ಕಾರಾಗಿ ಅದರ ಜೋಡಣೆ ಶುರುವಾಯಿತು. ಅದೇ 1995ರಲ್ಲಿ ಜರ್ಮನಿಯಲ್ಲಿ ಡಬ್ಲ್ಯು 210 ಬಂದು ಹಳೆಯದರ ಕುರ್ಚಿ ಏರಿತು. ಅಲ್ಲಿ ಬೀಳ್ಕೊಡುಗೆ, ಇಲ್ಲಿ ಗೃಹಪ್ರವೇಶ. ಉದ್ದ, ಅಗಲ, ಕುದುರೆಶಕ್ತಿಯ ಪಟ್ಟಿ ಬೇಕಾದವರಿಗೆ ಬೇಕಾದಷ್ಟು ಕಡೆ ಸಿಗುತ್ತದೆ. ಹದಿನಾಲ್ಕು ವರ್ಷ ಓಡಿಸಿದ ಮೇಲೆ ನನಗೆ ಆ ಪಟ್ಟಿಯಲ್ಲಿ ಆಸಕ್ತಿ ಉಳಿದಿಲ್ಲ. ನನಗೆ ಹೇಳಬೇಕಿರುವುದು ಒಂದು ಪುಟ್ಟ ಹಳದಿ ದೀಪದ ವಿಷಯ.

ಅಂಬಾಸಿಡರ್ ಡೀಸೆಲ್ ಓಡಿಸಿದವರಿಗೆ ‘ಹೀಟರ್ ಹಾಕುವುದು’ ಎಂದರೆ ಏನೆಂದು ಗೊತ್ತು. ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇರುವುದಿಲ್ಲ. ಬಿಸಿಯಾದ ಗಾಳಿಯಲ್ಲಿ ತೈಲ ತಾನಾಗಿಯೇ ಹೊತ್ತಿಕೊಳ್ಳಬೇಕು. ತಣ್ಣಗಿರುವಾಗ ಅದಕ್ಕೆ ಒಂದಿಷ್ಟು ಕಾವು ಕೊಡುವುದು ಹೀಟರ್ ಪ್ಲಗ್. 250 ಡೀಸೆಲ್‌ನಲ್ಲಿ ಐದು ಸಿಲಿಂಡರಿಗೆ ಐದು. ಕೀಲಿಯನ್ನು ಅರ್ಧ ತಿರುಗಿಸಿದರೆ ಮೀಟರಿನ ಕೆಳಗೆ ಸುರುಳಿಯ ಚಿತ್ರದ ಹಳದಿ ದೀಪ ಹೊತ್ತುತ್ತದೆ. ಅದು ಆರುವ ತನಕ ಕಾಯಬೇಕು. ನಮ್ಮ ಹವೆಗೆ ಕೆಲವೇ ಸೆಕೆಂಡುಗಳ ಮಾತು. ಅಷ್ಟರಲ್ಲಿ ನಾನು ಕನ್ನಡಕ ಒರೆಸುತ್ತೇನೆ, ಬೆಲ್ಟ್ ಹಾಕುತ್ತೇನೆ, ಮನೆಯ ಗೇಟು ಪೂರ್ತಿ ತೆರೆದಿದೆಯೇ ಎಂದು ನೋಡುತ್ತೇನೆ. ಡಿಸೆಂಬರಿನ ಬೆಳಗಾದರೆ ಗಾಜಿನ ಒಳಗಿನ ಮಂಜನ್ನೂ ಒರೆಸಿ ಮುಗಿಸಬಹುದು. ದೀಪ ಆರುತ್ತದೆ. ಕೀಲಿ ತಿರುಗಿಸಿದರೆ ಮೊದಲು ಇಡೀ ಕಾರು ಒಮ್ಮೆ ಮೈ ಕೊಡವುತ್ತದೆ, ಆಮೇಲೆ ಐದೂ ಸಿಲಿಂಡರುಗಳು ಕೂಡಿ ಗಡಗಡ ಶುರುಮಾಡುತ್ತವೆ. ಐದು ಎಂಬ ಬೆಸ ಸಂಖ್ಯೆಯಿಂದಲೋ ಏನೋ, ಆ ಸದ್ದಿಗೆ ಒಂದು ಕುಂಟು ತಾಳವಿದೆ. ನಮ್ಮ ಬೀದಿಯ ಹಾಲಿನವನಿಗೆ ಅದು ಗಡಿಯಾರ.

ಎಂಜಿನ್ ಶುರುವಾಗುತ್ತಿದ್ದಂತೆ ಎಡಗಡೆಯ ವೃತ್ತದಲ್ಲಿ ಆಯಿಲ್ ಒತ್ತಡದ ಮುಳ್ಳು ಚಂಗನೆ ಮೂರಕ್ಕೆ ಹಾರಿ ನಿಲ್ಲುತ್ತದೆ. ಎಂಜಿನ್ ಬಿಸಿಯಾದ ಮೇಲೆ ಸಿಗ್ನಲಿನಲ್ಲಿ ನಿಂತರೆ ಅದು ಮೆಲ್ಲಗೆ ಇಳಿಯುತ್ತದೆ. ಆಕ್ಸಲರೇಟರ್ ಮುಟ್ಟಿದರೆ ಮತ್ತೆ ಮೂರು. ಕೊಂಡ ಹೊಸತರಲ್ಲಿ ಇದನ್ನು ಕಂಡು ಎದೆ ಧಸಕ್ಕೆಂದಿತ್ತು. ನೇರ ಮೆಕ್ಯಾನಿಕ್ ಬಳಿಗೆ ಹೋದೆ. ಅವನು ಕೈ ಒರೆಸಿಕೊಳ್ಳುತ್ತಾ ಬಗ್ಗಿ ನೋಡಿ, “ಸಾರ್, ಅದು ಬೀಳಬೇಕು. ಬಿದ್ದದ್ದು ಏಳದಿದ್ದರೆ ಬನ್ನಿ,” ಎಂದ. ಅಂದಿನಿಂದ ಆ ಮುಳ್ಳನ್ನು ನೋಡುವುದೇ ನನಗೊಂದು ಚಟ. ವೇಗದ ಮುಳ್ಳನ್ನು ಅಷ್ಟು ನೋಡುವುದಿಲ್ಲ. ನೋಡುವ ಅಗತ್ಯವೂ ಬೀಳುವುದಿಲ್ಲ: ಒಂದೂವರೆ ಟನ್ನಿನ ಆಸುಪಾಸಿನ ಕಾರಿಗೆ ತೊಂಬತ್ತರ ಆಸುಪಾಸಿನ ಕುದುರೆಶಕ್ತಿ. ಪಿಕಪ್ ಎಂಬ ಪದ ಅದರ ಮುಂದೆ ಆಡಬಾರದು.

ಈ ಕಾರು ನನ್ನ ಮಾನ ಕಳೆದದ್ದೂ ಇದೆ. 2013ರಲ್ಲಿ ನೆಂಟರ ಮದುವೆ. ಕಲ್ಯಾಣ ಮಂಟಪದ ಬಾಗಿಲಿಗೇ ಕಾರು ತಂದು, ಹೆಂಗಸರನ್ನು ಇಳಿಸಿ, ಕೀಲಿ ತೆಗೆದುಕೊಂಡು ನಾನೂ ಇಳಿದೆ. ಕಾರು ಓಡುತ್ತಲೇ ಇತ್ತು. ಕಾವಲುಗಾರ ಬಂದು, “ಗಾಡಿ ಆಫ್ ಮಾಡಿ ಸಾರ್,” ಎಂದ. “ಮಾಡಿದ್ದೇನಪ್ಪಾ,” ಎಂದು ಕೈಯಲ್ಲಿದ್ದ ಕೀಲಿ ತೋರಿಸಿದೆ. ಅವನು ಕೀಲಿಯನ್ನೊಮ್ಮೆ, ಗಡಗಡಿಸುತ್ತಿದ್ದ ಬಾನೆಟ್ಟನ್ನೊಮ್ಮೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಮದುಮಗನ ಕಡೆಯವರ ವ್ಯಾನು ಹಾರ್ನ್ ಹೊಡೆಯುತ್ತಿದೆ, ಒಳಗೆ ವಾಲಗ. ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ನಿಲ್ಲುತ್ತದೆ ಎಂಬ ಸಣ್ಣ ವಿಚಾರ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಮೆಕ್ಯಾನಿಕ್‌ಗೆ ಫೋನು ಮಾಡಿದೆ. “ಬಾನೆಟ್ ಎತ್ತಿ. ಡೀಸೆಲ್ ಪಂಪಿನ ಮೇಲೆ ಸ್ಟಾಪ್ ಎಂದು ಬರೆದ ಲಿವರ್ ಇದೆ. ಒತ್ತಿ.” ರೇಷ್ಮೆ ಪಂಚೆ ಎತ್ತಿ ಕಟ್ಟಿ, ಶಲ್ಯವನ್ನು ಕುತ್ತಿಗೆಗೆ ಸುತ್ತಿಕೊಂಡು ಒತ್ತಿದೆ. ನಿಂತಿತು. ಶಲ್ಯದ ಅಂಚಿಗೆ ಅಂಟಿದ ಮಸಿ ಇವತ್ತಿಗೂ ಹೋಗಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಈ ಎಂಜಿನ್ ಒಮ್ಮೆ ಶುರುವಾದರೆ ಓಡುತ್ತಿರಲು ಕರೆಂಟು ಬೇಡ. ಪಂಪು ಪೂರ್ತಿ ಯಾಂತ್ರಿಕ. ಕೀಲಿ ತಿರುಗಿಸಿದಾಗ ನಿಲ್ಲುವುದು ನಿರ್ವಾತದ ಎಳೆತದಿಂದ: ಸಣ್ಣ ರಬ್ಬರ್ ಕೊಳವೆಯೊಂದು ಪಂಪಿನ ತಲೆಗೆ ಆ ಎಳೆತವನ್ನು ಒಯ್ದು ತೈಲ ನಿಲ್ಲಿಸುತ್ತದೆ. ಕೊಳವೆ ಸೀಳಿದರೆ ಕಾರಿಗೆ ನಮ್ಮ ಮಾತು ಕೇಳಿಸುವುದಿಲ್ಲ. ಸೀಳಿದ ಆ ಕೊಳವೆ, ಅಸಲಿಯದು ದುಬಾರಿ ಎಂದು ಮೆಕ್ಯಾನಿಕ್ ಜೊತೆ ವಾದ ಮಾಡಿ ನಾನೇ ಹಾಕಿಸಿದ್ದ ಅಗ್ಗದ ಮಾಲು.

ನನ್ನ ಜಿಪುಣತನದ ಇನ್ನೊಂದು ಸಾಕ್ಷಿ ಚಾಲಕನ ಸೀಟು. ಬಲಗಡೆ ಕುಸಿದಿತ್ತು. ಸೀಟು ಹೊಲಿಯುವ ಅಂಗಡಿಯವನು ಹೊದಿಕೆ ಬಿಚ್ಚಿ ನನ್ನನ್ನು ಒಳಗೆ ಕರೆದ. “ಇದರಲ್ಲಿ ಸ್ಪಂಜೇ ಇಲ್ಲವಲ್ಲ ಸಾರ್!” ನಿಜ, ಒಳಗೆ ಹಳೆಯ ಕಾಲದ ಮಂಚದ ಹಾಗೆ ಸ್ಪ್ರಿಂಗುಗಳು, ಅವುಗಳ ಮೇಲೆ ರಬ್ಬರು ಅದ್ದಿದ ಗುಂಗುರು ಕೂದಲಿನ ಮೆತ್ತೆ. ಮುಟ್ಟಿದರೆ ಕಾಲೊರಸಿನಷ್ಟು ಒರಟು. ಮುರಿದ ಒಂದು ಸ್ಪ್ರಿಂಗು ಅದನ್ನು ತಿಂದು ಕಂದು ಪುಡಿ ಮಾಡಿತ್ತು. “ಇದೆಲ್ಲ ಕಿತ್ತು ಒಳ್ಳೆಯ ಸ್ಪಂಜು ತುಂಬಿಸುತ್ತೇನೆ, ಸೋಫಾದ ಹಾಗಿರುತ್ತದೆ,” ಎಂದ. ಹೂಂ ಎಂದೆ. ಸೋಫಾದ ಹಾಗೆಯೇ ಆಯಿತು: ಅರ್ಧ ಗಂಟೆ ಹಿತ, ಎರಡನೆಯ ಗಂಟೆಗೆ ಸೊಂಟನೋವು, ಬೇಸಿಗೆಯಲ್ಲಿ ಬೆನ್ನೆಲ್ಲ ಬೆವರು. ಕೂತ ಎತ್ತರವೇ ಬದಲಾಗಿ ತಲೆ ಚಾವಣಿಗೆ ತಾಗತೊಡಗಿತು. ಹಳೆಯ ಸೀಟಿನಲ್ಲಿ ಹತ್ತು ಗಂಟೆ ಕೂತಿದ್ದರೂ ಇಳಿದು ನೆಟ್ಟಗೆ ನಿಲ್ಲುತ್ತಿದ್ದೆ ಎಂಬುದು ಆಗ ನೆನಪಾಯಿತು. ಕೊನೆಗೆ ಗುಜರಿಗೆ ಹೋದ ಇನ್ನೊಂದು 124ರ ಸೀಟನ್ನು ಹುಡುಕಿ ತಂದು ಕೂರಿಸಿದೆ. ಬಣ್ಣ ಬೇರೆ. ಇರಲಿ.

ಇಷ್ಟೆಲ್ಲ ಆದ ಮೇಲೆ, 2016ರಲ್ಲಿ, ಮನೆಯೊಳಗಿಂದ ಬೇಡಿಕೆ ಬಂತು. “ನಿಮ್ಮ ಕಾರಿನ ಕ್ಲಚ್ ತುಳಿಯಲು ನನಗೆ ಮಂಡಿಯಿಲ್ಲ. ನಿಮಗೆ ಬೇಕಾಗಿರುವುದು ಕಾರೋ, ಸಾಕುಪ್ರಾಣಿಯೋ ತೀರ್ಮಾನ ಮಾಡಿಕೊಳ್ಳಿ,” ಎಂದಳು ಹೆಂಡತಿ. ಹೊಸ ಸಣ್ಣ ಕಾರು ಕೊಳ್ಳುವುದಕ್ಕೂ ಹಣ ಸಾಲದು. ಹದಿನೈದು ತುಂಬಿದ ಆಟೊಮ್ಯಾಟಿಕ್ 210ಕ್ಕೆ ಸಾಲುತ್ತಿತ್ತು. ಹೀಗೆ ಉತ್ತರಾಧಿಕಾರಿ ಮನೆಗೆ ಬಂದ.

ನನಗೆ ಮೊದಲ ದಿನದಿಂದಲೂ ಅದರ ಮೇಲೆ ಕಣ್ಣು ಕೆಂಪು. ಮುಖವೇ ಹಿಡಿಸಲಿಲ್ಲ. ಹಳೆಯದರ ಚೌಕ ದೀಪಗಳ ಜಾಗದಲ್ಲಿ ನಾಲ್ಕು ಮೊಟ್ಟೆಗಣ್ಣುಗಳು, ದೊಡ್ಡವೆರಡು, ಸಣ್ಣವೆರಡು. ಯಾರೋ ನಡುರಾತ್ರಿ ಎಬ್ಬಿಸಿ ನಿಲ್ಲಿಸಿದ ಹಾಗೆ. ಈ ವಿನ್ಯಾಸಕ್ಕೆ 1995ರಲ್ಲಿ ಪ್ರಶಸ್ತಿ ಬಂದಿತ್ತಂತೆ. ಬರಲಿ. ಕೀಲಿಗೆ ಹಲ್ಲೇ ಇಲ್ಲ. ಪ್ಲಾಸ್ಟಿಕ್ ತುಂಡನ್ನು ತೂತಿಗೆ ತೂರಿಸಿದರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಅವೆರಡೂ ಏನೋ ಮಾತಾಡಿಕೊಳ್ಳುತ್ತವೆ. ಒಪ್ಪಿಗೆಯಾದರೆ ಮಾತ್ರ ತಿರುಗುತ್ತದೆ. ಕಳೆದರೆ ಬೀದಿ ಬದಿಯಲ್ಲಿ ಕೀಲಿ ಮಾಡುವವನ ಬಳಿ ಹೋಗುವಂತಿಲ್ಲ, ಆರ್‌ಸಿ ಪುಸ್ತಕ ಹಿಡಿದು ಅರ್ಜಿ ಹಾಕಬೇಕು. ಹೀಟರ್ ದೀಪ ಇದೆ, ಆದರೆ ಕಣ್ಣು ಅಲ್ಲಿಗೆ ಹೋಗುವಷ್ಟರಲ್ಲಿ ಆರಿರುತ್ತದೆ. ತಿರುಗಿಸಿದ ಕೂಡಲೇ ಶುರು, ಹಿಂದಕ್ಕೆ ತಿರುಗಿಸಿದ ಕೂಡಲೇ ಬಂದ್. ನಾನು ಕನ್ನಡಕ ಯಾವಾಗ ಒರೆಸಬೇಕು?

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಆಯಿಲ್ ಮುಳ್ಳು ಇಲ್ಲದ್ದು ಕಂಡು. ವೇಗ ಇದೆ, ಆರ್‌ಪಿಎಂ ಇದೆ, ಬಿಸಿಯ ಮುಳ್ಳಿದೆ, ಒತ್ತಡದ್ದು ಮಾಯ. ಗೇರ್‌ಬಾಕ್ಸಿನ ಆಯಿಲ್ ನೋಡೋಣವೆಂದು ಬಾನೆಟ್ ಎತ್ತಿದರೆ ಕೊಳವೆ ಇದೆ, ಅಳತೆಯ ಕಡ್ಡಿ ಇಲ್ಲ. ಬಾಯಿಗೆ ಮುಚ್ಚಳ ಜಡಿದಿದೆ. ಈ ಐದು ಗೇರಿನ ಆಟೊಮ್ಯಾಟಿಕ್‌ಗೆ ಹಾಕಿದ ಆಯಿಲ್ ಜೀವಮಾನಕ್ಕೆ ಸಾಕು ಎಂದು ಕಂಪನಿಯವರು ಮೊದಲು ಹೇಳಿದ್ದರು. ಆಮೇಲೆ ಮಾತು ತಿದ್ದಿ, ಬದಲಿಸಬೇಕು ಎಂದರು. ಯಾರ ಜೀವಮಾನ ಎಂದು ಮಾತ್ರ ಎರಡು ಸಲವೂ ಹೇಳಲಿಲ್ಲ. ನನ್ನ ಮೆಕ್ಯಾನಿಕ್ ಆ ಕೊಳವೆಗೆಂದೇ ಅಳತೆಯ ಕಡ್ಡಿಯೊಂದನ್ನು ತರಿಸಿಟ್ಟುಕೊಂಡಿದ್ದಾನೆ. ಇನ್ನು, ಈ ಪೀಳಿಗೆಗೆ ಜಗತ್ತಿನೆಲ್ಲೆಡೆ ತುಕ್ಕಿನ ಕೆಟ್ಟ ಹೆಸರಿದೆ: ಗಾಲಿಯ ಕಮಾನು, ಬಾಗಿಲಿನ ಅಂಚು, ಮುಂದಿನ ಸ್ಪ್ರಿಂಗು ಕೂರುವ ಜಾಗ. ನನ್ನದು ಬಯಲುಸೀಮೆಯಲ್ಲೇ ಬೆಳೆದದ್ದರಿಂದ ಬಚಾವಾಗಿದೆ. ಕರಾವಳಿಯ ಕಾರಾದರೆ ಬಣ್ಣಕ್ಕೆ ಮರುಳಾಗದೆ ಅಡಿಗೆ ಹೋಗಿ ನೋಡಿ.

ಹೀಗೆ ನಾಲ್ಕು ವರ್ಷ ಅದನ್ನು ಬೈದುಕೊಂಡೇ ಇದ್ದೆ. ಆಮೇಲೆ ನನಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಕೆಲವು ವಾರ ಸ್ಟಿಯರಿಂಗ್ ಮುಟ್ಟಬೇಡಿ ಎಂದರು. ಜುಲೈ ತಿಂಗಳು, ಉಡುಪಿಗೆ ಹೋಗಲೇಬೇಕಾದ ಒಂದು ಕೆಲಸ, ದಾರಿ ಆಗುಂಬೆಯದು. ಹೆಂಡತಿ ಓಡಿಸಿದಳು. ನಾನು ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ಸೀಟಿನಲ್ಲಿ. ಕೊಂಡ ನಾಲ್ಕು ವರ್ಷದಲ್ಲಿ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು.

ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನಾನು ಹಳೆಯದರಲ್ಲಿ ಎಷ್ಟೋ ಸಲ ಇಳಿದಿದ್ದೇನೆ. ಅದು ದೊಡ್ಡ ಚಕ್ರದ ಸ್ಟಿಯರಿಂಗ್; ಒಳಗೆ ಗುಂಡುಗಳ ಮೇಲೆ ಉರುಳುವ ಹಳೆಯ ಪದ್ಧತಿಯ ಪೆಟ್ಟಿಗೆ. ಮಧ್ಯದಲ್ಲಿ ಸ್ವಲ್ಪ ಸಡಿಲ, ಸುತ್ತಿಸಬೇಕಾದದ್ದು ಹೆಚ್ಚು. ಆದರೆ ಮುಂದಿನ ಗಾಲಿಗಳು ಎಷ್ಟು ಹೊರಳುತ್ತವೆ ಎಂದರೆ, ಇಷ್ಟುದ್ದದ ಕಾರು ಆ ತಿರುವುಗಳಲ್ಲಿ ಹಿಂದೆ ಮುಂದೆ ಮಾಡದೆ ಒಂದೇ ಏಟಿಗೆ ತಿರುಗುತ್ತದೆ. ಅದನ್ನೊಂದು ವಿದ್ಯೆಯ ಹಾಗೆ ಸಾಧಿಸಿದ್ದೆ. ಎರಡು ಕೈ, ಒಂದು ಭುಜ, ಸ್ವಲ್ಪ ಉಸಿರು ಬಿಗಿಹಿಡಿಯುವುದು. ಆ ಇಡೀ ಹೊತ್ತು ಹೆಂಡತಿ ಬಾಗಿಲ ಮೇಲಿನ ಹಿಡಿ ಬಿಡುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ. ಘಾಟಿಗೆ ಹೆದರುತ್ತಾಳೆ ಎಂದುಕೊಂಡಿದ್ದೆ.

ಆ ದಿನ ಅವಳು ತಿರುವು ತಿರುವಿನಲ್ಲೂ ಮಾತಾಡುತ್ತಿದ್ದಳು. ಯಾರ ಮನೆಯ ಸೀಮಂತ, ಯಾವ ಸೀರೆ ಬಣ್ಣ ಬಿಟ್ಟಿತು, ವೈದ್ಯರು ಕೊಟ್ಟ ಹನಿ ಹಾಕಿಕೊಂಡೆನೇ. 210ರ ಸ್ಟಿಯರಿಂಗ್ ರ‍್ಯಾಕ್ ಅಂಡ್ ಪಿನಿಯನ್. ಹಲ್ಲಿನ ಪಟ್ಟಿಯ ಮೇಲೆ ಸಣ್ಣ ಗೇರು ಓಡುವ ಪದ್ಧತಿ. ಹೇಳಿದಷ್ಟು ತಿರುಗುತ್ತದೆ, ಹೇಳಿದಲ್ಲಿ ನಿಲ್ಲುತ್ತದೆ. ಮುಂದಿನ ಸಸ್ಪೆನ್ಶನ್ನೂ ಬೇರೆಯೇ ರಚನೆ. ಇದನ್ನೆಲ್ಲ ಓದಿದ್ದೆ, ನಾಲ್ಕು ವರ್ಷ ಓಡಿಸಿಯೂ ಇದ್ದೆ. ಆದರೆ ಅವಳ ಭುಜ ನೆಟ್ಟಗೆ, ಸಡಿಲವಾಗಿ ಇದ್ದದ್ದನ್ನು ಹಿಂದಿನಿಂದ ನೋಡಿದಾಗಲೇ ಅದು ನನಗೆ ಅರ್ಥವಾದದ್ದು. ಹೆದರಿದ್ದು ಘಾಟಿಗಲ್ಲ.

ಮಳೆ ಎಂದರೆ ಆಗುಂಬೆಯ ಮಳೆ. ಎರಡು ಗಂಟೆ ನನಗೆ ನೋಡಲು ಇದ್ದದ್ದು ಮುಂದಿನ ಗಾಜಿನ ವೈಪರ್ ಒಂದೇ. ಎರಡೂ ಕಾರುಗಳಿಗೆ ವೈಪರ್ ಒಂದೇ ಕೈಯದು. ಹಳೆಯದರಿಂದ ಹೊಸದು ಆಸ್ತಿಯಾಗಿ ಪಡೆದ ಅಪರೂಪದ ವಸ್ತು. ಗಾಜಿನ ನಟ್ಟನಡುವೆ ಅದರ ಬುಡ. ಸಾದಾ ಕೈಯಾಗಿದ್ದರೆ ಅರ್ಧಚಂದ್ರ ಬರೆದು ಮೇಲಿನ ಮೂಲೆಗಳನ್ನು ಬಿಟ್ಟುಬಿಡುತ್ತಿತ್ತು. ಇದರ ಬುಡದಲ್ಲಿ ಗೇರಿನ ಒಂದು ಕೈಚಳಕವಿದೆ: ಮೂಲೆಯ ಕಡೆಗೆ ಹೋಗುತ್ತಾ ಕೈ ಉದ್ದವಾಗುತ್ತದೆ, ನಡುವಿಗೆ ಬರುತ್ತಾ ಗಿಡ್ಡವಾಗುತ್ತದೆ, ಮತ್ತೆ ಆ ಮೂಲೆಗೆ ಚಾಚುತ್ತದೆ. ಗಾಜಿನ ಶೇಕಡಾ 86 ಭಾಗ ಒರೆಸುತ್ತದೆ ಎಂಬುದು 124ರ ಕಾಲದ ಹೆಮ್ಮೆಯ ಅಂಕಿ. ನೋಡುತ್ತಿದ್ದರೆ ಈಜುವವನು ಕೈ ಚಾಚಿ ಸೆಳೆದುಕೊಂಡ ಹಾಗೆ. 2002ರಲ್ಲಿ ಬಂದ ಮುಂದಿನ ಪೀಳಿಗೆಗೆ ಎಲ್ಲರ ಹಾಗೆ ಎರಡು ವೈಪರ್. ಆ ಗಾಜಿನ ಮೇಲೆ ಈಜು ಅಲ್ಲಿಗೆ ಮುಗಿಯಿತು. ಇಬ್ಬರೂ ಈ ಒಂದು ವಿಷಯದಲ್ಲಿ ಅಪ್ಪ-ಮಗ ಎಂದು ಆ ಸಂಜೆ ಒಪ್ಪಿಕೊಂಡೆ.

ಅಂದಿನಿಂದ 210ರ ಮೇಲಿನ ನನ್ನ ಕೋಪ ಅರ್ಧಕ್ಕೆ ಇಳಿದಿದೆ. ದೂರದ ದಾರಿ, ರಾತ್ರಿ, ಆಸ್ಪತ್ರೆ, ಅವಸರ, ಇವಕ್ಕೆಲ್ಲ ಅದೇ. ಒಂದು ಸಿಲಿಂಡರ್ ಕಡಿಮೆಯಾದರೂ ಶಕ್ತಿ ಒಂದೂವರೆ ಪಟ್ಟಿನ ಆಸುಪಾಸು, ಡೀಸೆಲ್ ಕುಡಿಯುವುದೂ ಕಡಿಮೆ. ಮೊಟ್ಟೆಗಣ್ಣೂ ರೂಢಿಯಾಗಿದೆ. ಆಯಿಲ್ ಮುಳ್ಳಿನ ವಿಷಯದಲ್ಲಿ ಮಾತ್ರ ಕ್ಷಮೆಯಿಲ್ಲ.

ಎರಡರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳುವವರಿದ್ದಾರೆ. 124ಕ್ಕೆ ಈಗ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ನಾನು ಕೊಟ್ಟ ಬೆಲೆಗೆ ಅದು ಇನ್ನು ಸಿಗದು. ಆದರೆ ಕೆಟ್ಟರೆ ಸ್ಪ್ಯಾನರ್ ಹಿಡಿಯಬಲ್ಲ ಯಾರಾದರೂ ಕೈಹಾಕಬಹುದು. ಬಾನೆಟ್ ಆಕಾಶಕ್ಕೆ ನೆಟ್ಟಗೆ ನಿಲ್ಲುತ್ತದೆ, ಒಳಗೆ ಕೈ ಆಡಿಸಲು ಜಾಗವಿದೆ. 210 ಅಗ್ಗ, ಏಕೆಂದರೆ ಯಾರಿಗೂ ಬೇಡ. ಕೆಟ್ಟರೆ ಲ್ಯಾಪ್‌ಟಾಪ್ ತರುವ ಮೆಕ್ಯಾನಿಕ್ ಬೇಕು, ಅವನ ಶುಲ್ಕವೂ ಬೇಕು. ದೆಹಲಿಯ ಕಡೆಯವರಾದರೆ ಎರಡನ್ನೂ ಮರೆತುಬಿಡಿ. ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಅಲ್ಲಿ ಕಂಟಕ ತಂದಿದೆ.

ನನ್ನ ತಲೆನೋವು ಬೇರೆ. 1996ಕ್ಕೂ 2001ಕ್ಕೂ ಐದೇ ವರ್ಷದ ಅಂತರವಾದ್ದರಿಂದ ಎರಡು ಕಾರುಗಳ ನವೀಕರಣವೂ ಒಟ್ಟಿಗೇ ಬರುತ್ತದೆ. 2021ರಲ್ಲಿ ಬಂದಿತ್ತು, 2026ರಲ್ಲಿ ಮತ್ತೆ ಬರುತ್ತದೆ. ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದೆ. ಒಂದಕ್ಕೆ ಹತ್ತು, ಎರಡಕ್ಕೆ ಇಪ್ಪತ್ತು. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಬೇರೆ. ಒಂದನ್ನು ಬಿಡೋಣವೇ ಎಂದು ಹೆಂಡತಿಯನ್ನು ಕೇಳಿದೆ. “ನನ್ನದನ್ನಂತೂ ಬಿಡುವುದಿಲ್ಲ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ, “ಹಾಲಿನವನು ಏಳುವುದು ಹೇಗೆ?” ಎಂದಳು.

ಕಳೆದ ಸಲ ಆರ್‌ಟಿಒ ಅಂಗಳದಲ್ಲಿ 124ರ ಬಾನೆಟ್ ಎತ್ತಿ ನಿಲ್ಲಿಸಿದಾಗ ಅಧಿಕಾರಿ ಚಾಸಿಸ್ ಸಂಖ್ಯೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಅಕ್ಷರ ಒಂದೊಂದಾಗಿ ಮೂಡಿತು, ಒಂದೂ ಮಾಸಿರಲಿಲ್ಲ. ಆಮೇಲೆ, “ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ,” ಎಂದರು. ಕೀಲಿ ಅರ್ಧ ತಿರುಗಿಸಿ ಕೂತೆ. “ಏಕೆ, ಆಗುತ್ತಿಲ್ಲವೇ?” ಎಂದು ಕಿಟಕಿಯ ಬಳಿ ಬಂದರು. ದೀಪ ತೋರಿಸಿದೆ. ಹಿಂದೆ ಹತ್ತಾರು ಗಾಡಿಗಳ ಸಾಲಿತ್ತು. ಅವರು ಕಿಟಕಿಗೆ ಮೊಣಕೈ ಊರಿ, ಅದು ಆರುವ ತನಕ ನೋಡುತ್ತಾ ನಿಂತರು.